ಇನ್ನೊಬ್ಬರ ಕಿವಿ

ವಾಡಿ ಸ್ಟೇಷನ್ನಿನಿಂದ ಆಚೆಗೆ ತಾನು ಒಮ್ಮೆಯೂ ಕಾಲಿಟ್ಟಿಲ್ಲ ಎಂಬುದು ಜಬೀನಳಿಗೆ ಹೊರಗೆ ಬಂದು ಬಿಸಿಲಲ್ಲಿ ನಿಂತ ಮೇಲೆಯೇ ಹೊಳೆಯಿತು. ಶಹಾಬಾದದ ಮನೆಯಿಂದ ಚಿತ್ತಾಪುರದ ಹೈಸ್ಕೂಲಿಗೆ ಹೋಗುವಾಗಲೂ ಬರುವಾಗಲೂ ಇಲ್ಲಿ ಗಾಡಿ ಬದಲಿಸುವುದು, ಅದೂ ನೌಕರಿ ಸೇರಿದ ಕಾಲದಿಂದ. ಆದರೆ ಅವಳ ಪಾಲಿಗೆ ವಾಡಿ ಅಂದರೆ ಒಂದು ಮೇಲ್ಸೇತುವೆ, ಸಿಮೆಂಟಿನ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ ಬೇವಿನ ಗಿಡ, ಮತ್ತು ಇತ್ತೀಚೆಗೆ, ಗಂಜಿಯ ಹಾಗೆ ಕಲಸಿಹೋಗಿ ಒಂದು ಅಕ್ಷರವೂ ಬಿಡಿಯಾಗಿ ಕೈಗೆ ಸಿಗದ ಮೈಕಿನ ಕೂಗು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂಬುದನ್ನು ಅವಳೀಗ ಕೇಳಿ ತಿಳಿಯುವುದಿಲ್ಲ. ಜನ ಎದ್ದು ಯಾವ ಕಡೆ ನಡೆಯುತ್ತಾರೋ ನೋಡಿ ತಾನೂ ಏಳುತ್ತಾಳೆ. ಇಂದು ಶನಿವಾರ, ಬೆಳಗಿನ ಶಾಲೆ. ಶಹಾಬಾದದ ಗಾಡಿ ಬಂದಾಗ ಜನವೆಲ್ಲ ಎದ್ದರೂ ಅವಳು ಏಳಲಿಲ್ಲ. ಹೆಗಲ ಚೀಲವನ್ನು ಎದೆಗೆ ಒತ್ತಿಕೊಂಡು, ಗಾಡಿಯ ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೆ ಕೂತಿದ್ದು, ಆಮೇಲೆ ಯಾರೋ ಅಟ್ಟಿದಂತೆ ಮೇಲ್ಸೇತುವೆ ಹತ್ತಿ ಇಳಿದಳು. ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಆ ಪೆಟ್ಟಿಗೆಯಿತ್ತು. ಅದರ ಮೈಮೇಲೆ ಕಳಿಸಿದವನ ಹೆಸರು, ವಿಳಾಸ: ಸಿದ್ದಲಿಂಗೇಶ, ಸಿತಾರಾ ಡೀಲ್ಸ್, ಹನುಮಾನ ಗುಡಿ ಹಿಂದೆ, ವಾಡಿ.

ದಿಲ್ಲಿಯೋ ಸೂರತ್ತೋ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದಳು. ದೂರದವರ ಮೋಸದಲ್ಲಿ ಒಂದು ಸಮಾಧಾನವಿರುತ್ತದೆ, ಅದು ಮಳೆ ಬಿದ್ದ ಹಾಗೆ, ಯಾರ ಮೇಲೂ ಬೀಳಬಹುದಾಗಿತ್ತು. ಆದರೆ ತಾನು ದಿನಾ ದಾಟಿಹೋಗುವ ಊರಿನಲ್ಲಿ, ತಾನು ಕೂರುವ ಬೆಂಚಿನಿಂದ ಕೂಗಳತೆಯಲ್ಲಿ ಕೂತವನೊಬ್ಬ ತನ್ನನ್ನು ನೋಡಿ ನಕ್ಕಿದ್ದಾನೆ ಎಂಬುದು ಅವಳ ಗಂಟಲಲ್ಲಿ ಎಲುಬಿನ ಚೂರಿನಂತೆ ಸಿಕ್ಕಿಕೊಂಡಿತ್ತು. ಏನು ಹೇಳಬೇಕೆಂಬುದನ್ನು ನಿನ್ನೆಯಿಂದ ಕೂಡಿಸುತ್ತಿದ್ದಳು. ಮೊದಲ ವಾಕ್ಯ ಸಿದ್ಧವಾಗಿತ್ತು, ಎರಡನೆಯದೂ. ಆದರೆ ಅದಕ್ಕೆ ಅವನು ಏನೋ ಉತ್ತರ ಕೊಡುತ್ತಾನಲ್ಲ, ಅದು ತನಗೆ ಕೇಳಿಸದೆ ಹೋದರೆ ಮೂರನೆಯ ವಾಕ್ಯವನ್ನು ಯಾವುದಕ್ಕೆ ಜೋಡಿಸುವುದು? ಮೇಲಾಗಿ ತಾನು ಎಷ್ಟು ಜೋರಾಗಿ ಮಾತಾಡುತ್ತೇನೆಂಬ ಅಂದಾಜೂ ಅವಳಿಗೆ ತಪ್ಪಿಹೋಗಿತ್ತು. ಊಟದ ಹೊತ್ತಿಗೆ ಗಂಡ ತಾರೀಕ ಒಮ್ಮೊಮ್ಮೆ ರೊಟ್ಟಿಯ ಮೇಲಿನ ಕೈ ತಡೆದು, "ಚಿಲ್ಲಾ ನಕ್ಕೊ", ಕಿರುಚಬೇಡ, ಎನ್ನುತ್ತಿದ್ದ. ತಾನು ಪಿಸುಗುಟ್ಟುತ್ತಿದ್ದೇನೆ ಎಂದೇ ಅವಳು ಅಂದುಕೊಂಡಿರುತ್ತಿದ್ದಳು.

ಪಾನಿನ ಅಂಗಡಿಯವನನ್ನು ಹನುಮಾನ ಗುಡಿ ಎಲ್ಲಿ ಎಂದು ಕೇಳಿದಳು. ಅವನು ಏನು ಹೇಳಿದನೋ, ಅವಳು ಅವನ ಕೈಯನ್ನಷ್ಟೇ ನೋಡಿ ಆ ದಿಕ್ಕಿಗೆ ಹೊರಟಳು. ಹೀಗೆ ಬದುಕುವುದನ್ನು ಅವಳು ತಾನಾಗಿಯೇ ಕಲಿತಿದ್ದಳು. ಎದುರಿನವರ ತುಟಿ, ಹುಬ್ಬು, ಕೈ. ನಗುವ ಹೊತ್ತಿಗೆ ನಗುವುದು. ಪ್ರಶ್ನೆ ಇರಬಹುದೆನಿಸಿದರೆ "ನೋಡೋಣ್ರಿ" ಎನ್ನುವುದು. ನೋಡೋಣ ಎಂಬುದು ಎಲ್ಲ ಪ್ರಶ್ನೆಗೂ ಹೊಂದುವ ಉತ್ತರ. ಆದರೆ ಅದಕ್ಕೂ ಮೀರಿದ್ದು ಬಂದು, "ಏನಂದ್ರಿ?" ಎಂದು ಕೇಳಬೇಕಾಗಿ ಬಂದರೆ, ಒಮ್ಮೆ ಹೇಳುತ್ತಾರೆ, ಇನ್ನೊಮ್ಮೆ ಕೇಳಿದರೆ ಮುಖ ಸಣ್ಣದು ಮಾಡಿ, "ಏನಿಲ್ಲ ಬಿಡ್ರಿ" ಎನ್ನುತ್ತಾರೆ. ಮನೆಯಲ್ಲಿ ತಾರೀಕ, "ಕುಛ್ ನೈ, ಜಾನೆ ದೇ." ಎರಡು ಭಾಷೆಯಲ್ಲೂ ಅದೇ ಮಾತು, ಅದೇ ಬಾಗಿಲು. ಲೋಕದಲ್ಲಿ ದಿನವೂ ಏನೇನೋ ಆಗುತ್ತಿರುತ್ತದೆ, ಜನ ಪರಸ್ಪರ ಹೇಳಿಕೊಳ್ಳುತ್ತಿರುತ್ತಾರೆ, ಅವಳ ಪಾಲಿಗೆ ಬಂದಾಗ ಮಾತ್ರ ಅದು ಏನೂ ಇಲ್ಲವಾಗುತ್ತದೆ.

ಒಂಬತ್ತನೆಯ ತರಗತಿಯ ಆ ಹುಡುಗಿಗೆ ಕೆಟ್ಟ ಉದ್ದೇಶವಿತ್ತು ಎಂದು ಈಗಲೂ ಅವಳಿಗೆ ಹೇಳಲಾಗದು. ಸಮಾಜ ವಿಜ್ಞಾನದ ಪಾಠ ಓದಲು ಎಬ್ಬಿಸಿ ನಿಲ್ಲಿಸಿದ್ದಳು. ಹುಡುಗಿ ಪುಸ್ತಕ ಹಿಡಿದು ಓದತೊಡಗಿದಳು. ತುಟಿ ಅಲುಗುತ್ತಿತ್ತು, ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು, ಅಲ್ಪವಿರಾಮದಲ್ಲಿ ಉಸಿರೆಳೆದುಕೊಳ್ಳುವುದನ್ನೂ ಮರೆತಿರಲಿಲ್ಲ. ಜಬೀನ್ ಕಿಟಕಿಯ ಪಕ್ಕ ನಿಂತು, ಎಂದಿನಂತೆ, ಗಮನವಿಟ್ಟು ಕೇಳುವವಳ ಮುಖ ಮಾಡಿಕೊಂಡಿದ್ದಳು. ಮುಗಿದ ಮೇಲೆ, "ಛಲೋ ಓದಿದಿ, ಕುಂದ್ರು" ಎಂದಳು. ಆಗ ಇಡೀ ತರಗತಿಯ ಹೆಗಲುಗಳು ಕುಣಿಯತೊಡಗಿದವು. ಬೆಂಚಿನ ಮೇಲೆ ತಲೆಯಿಟ್ಟು, ಬಾಯಿಗೆ ಕರವಸ್ತ್ರ ತುರುಕಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು. ಹುಡುಗಿ ಒಂದು ಅಕ್ಷರವನ್ನೂ ದನಿ ತೆಗೆದು ಓದಿರಲಿಲ್ಲ. ಜಬೀನಳಿಗೆ ಸಿಟ್ಟು ಬರಲಿಲ್ಲ. ಪಾಠದ ಮುಂದಿನ ಭಾಗವನ್ನು ತಾನೇ ಓದಿದಳು, ಗಂಟೆ ಬಾರಿಸುವವರೆಗೂ ಓದಿದಳು, ಗಂಟೆ ಬಾರಿಸಿದ್ದು ತಿಳಿಯದೆ ಮತ್ತಷ್ಟು ಹೊತ್ತು ಓದಿದಳು.

ಆಮೇಲೆಯೇ ಕಲಬುರಗಿಗೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದ್ದು. ತಾರೀಕನಿಗೆ ತರಬೇತಿ ಎಂದು ಹೇಳಿದ್ದಳು. ಎಡಗಿವಿ ಹೆಚ್ಚು ಕಡಿಮೆ ಹೋಗಿದೆ, ಬಲಗಿವಿಯೂ ಅದೇ ದಾರಿ ಹಿಡಿದಿದೆ, ಯಂತ್ರ ಹಾಕಿಕೊಳ್ಳಿ, ಅಂಗವಿಕಲರ ಸರ್ಟಿಫಿಕೇಟು ಮಾಡಿಸಿದರೆ ರಿಯಾಯಿತಿಯೂ ಸಿಗುತ್ತದೆ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು. ಸರ್ಟಿಫಿಕೇಟು ಎಂಬ ಮಾತು ನೋಡಿದೊಡನೆ ಅವಳ ಕಣ್ಣಿಗೆ ಹೆಡ್‌ಮಾಸ್ತರರ ಮೇಜು, ಮೇಜಿನ ಮೇಲೆ ತನ್ನ ಹೆಸರಿನ ಮುಂದೆ ಅಂಟಿಕೊಂಡ ಇನ್ನೊಂದು ಪದ ಕಂಡವು. ಕಾಣದಷ್ಟು ಚಿಕ್ಕ ಯಂತ್ರಗಳ ಬೆಲೆ ಕೇಳಿದ ಮೇಲೆ ಅವಳು ಬುರ್ಖಾದ ಮೇಲ್ಭಾಗ ಸರಿಪಡಿಸಿಕೊಂಡು ಎದ್ದುಬಂದಳು. ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಆ ಹರಾಜಿನ ಆ್ಯಪ್ ಸಿಕ್ಕಿತು. ಕೈಗಡಿಯಾರ, ಕ್ಯಾಮರಾ, ಯಾರದೋ ಮದುವೆಯ ಶೆರ್ವಾನಿ, ಇವುಗಳ ನಡುವೆ ಕೆಂಪು ಮಖಮಲ್ಲಿನ ಮೇಲೆ ಮಲಗಿಸಿದ ಒಂದು ಶ್ರವಣಯಂತ್ರ. ಒಳ್ಳೆಯ ಕಂಪನಿಯದು, ಒಂದೇ ತಿಂಗಳು ಬಳಸಿದ್ದು, ಎರಡೂ ಕಿವಿಗೆ ಹೊಂದುತ್ತದೆ. ಸವಾಲು ಕೂಗುವುದು ಬೆರಳಿನಲ್ಲಿ, ಕೇಳಿಸಬೇಕಾದ್ದು ಏನೂ ಇಲ್ಲ. ಅದೇ ಅವಳಿಗೆ ಹಿಡಿಸಿದ್ದು. ಬಹಳ ದಿನಗಳ ಮೇಲೆ ಅವಳು ಯಾರೊಂದಿಗೋ ಸಮಸಮವಾಗಿ ನಿಂತಿದ್ದಳು. ಅವಳು ಏರಿಸಿದರೆ ಆಚೆಯವನೊಬ್ಬ ಏರಿಸುತ್ತಿದ್ದ, ಅವಳು ಮತ್ತೆ ಏರಿಸುತ್ತಿದ್ದಳು. ಯಾರೋ ತನ್ನಂಥವರೇ ಇರಬೇಕು, ಎಲ್ಲೋ ತನ್ನಂತೆಯೇ ಫೋನು ಮರೆಮಾಡಿ ಕೂತಿರಬೇಕು ಎಂದು ಒಂದು ಕ್ಷಣ ಕರುಣೆ ಬಂದರೂ ಬೆರಳು ನಿಲ್ಲಲಿಲ್ಲ. ಗೆದ್ದಾಗ ಅಡುಗೆಮನೆಯಲ್ಲಿ ಒಬ್ಬಳೇ ಕುಕ್ಕರಿನ ಮುಂದೆ ನಿಂತು ನಕ್ಕಳು.

ಪಾರ್ಸೆಲ್ಲು ಬಂತು. ಪೆಟ್ಟಿಗೆ ತೆರೆದರೆ ಯಂತ್ರದ ತುದಿಗೆ ಕಿವಿಯೊಳಗೆ ಕೂರುವ ಒಂದು ಅಚ್ಚು, ಬಾಡಿದ ಬೆರಳಿನ ಬಣ್ಣದ್ದು. ಅದರ ತೂತಿನಲ್ಲಿ ಹಳದಿ ಗುಗ್ಗೆ ಒಣಗಿ ಕೂತಿತ್ತು. ಫೋಟೋದಲ್ಲಿ ಅಚ್ಚು ಇರಲಿಲ್ಲ. ಅದು ಒಬ್ಬೊಬ್ಬರ ಕಿವಿಯ ಅಳತೆ ತೆಗೆದು ಮಾಡುವಂಥದು, ಒಬ್ಬರದು ಇನ್ನೊಬ್ಬರಿಗೆ ಕೂರುವುದಿಲ್ಲ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ. ಬಚ್ಚಲಿನ ಚಿಲಕ ಹಾಕಿಕೊಂಡು, ಹತ್ತಿ ಸುತ್ತಿದ ಕಡ್ಡಿಯಿಂದ ಯಾರದೋ ಮೈಯ ಕೊಳೆ ಕೆರೆದು ತೆಗೆಯುವಾಗ ಎರಡು ಸಲ ವಾಕರಿಕೆ ಬಂತು. ಎಡಗಿವಿಗೆ ಹಾಕಲು ಹೋದರೆ ಅದು ಬಲಗಿವಿಯದು. ಬಲಗಿವಿಗೇ ಒತ್ತಿ, ನೋವಾದರೂ ಒತ್ತಿ, ಮೇಲೆ ಓಢಣಿ ಬಿಗಿದು ಮರುದಿನ ಶಾಲೆಗೆ ಹೋದಳು. ಏನೋ ಕೇಳಿಸುತ್ತಿತ್ತು: ಬೆಂಚು ಎಳೆಯುವುದು, ತನ್ನ ಗಂಟಲು, ಬಟ್ಟೆಯ ಸರಸರ. ಮಾತು ಮಾತ್ರ ಇರಲಿಲ್ಲ. ಮಕ್ಕಳು ಬೆಂಚಿನ ಕೆಳಗೆ ಬಗ್ಗಿ ನೋಡುತ್ತಿದ್ದರು, ಸೂರು ನೋಡುತ್ತಿದ್ದರು, ಒಬ್ಬರ ಜೇಬು ಇನ್ನೊಬ್ಬರು ಮುಟ್ಟಿ ನೋಡುತ್ತಿದ್ದರು. ಕೊನೆಗೆ ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದ ಬಸವೇಶ್ವರಿ ಬಂದು, ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಮುಖವನ್ನು ಮುಖದ ಹತ್ತಿರ ತಂದು ಹೇಳಿದಳು: "ಟೀಚರ್, ನಿಮ್ಮ ಕಿವ್ಯಾಗ ಏನೋ ಸೀಟಿ ಹೊಡ್ಯಾಕತ್ತದ. ನಮ್ಮ ಕ್ಲಾಸಿಗೂ ಕೇಳಸ್ತದ." ಅಷ್ಟು ಹೊತ್ತೂ ಅದು ಕೀರಲು ದನಿಯಲ್ಲಿ ಕೂಗುತ್ತಲೇ ಇತ್ತಂತೆ. ಸರಿಯಾಗಿ ಕೂರದಿದ್ದರೆ, ಮೇಲೆ ಬಟ್ಟೆ ಬಿಗಿದರೆ ಹಾಗಾಗುತ್ತದಂತೆ. ಕೂಗು ಕೇಳಿಸದಿದ್ದದ್ದು ಅದನ್ನು ಹಾಕಿಕೊಂಡವಳಿಗೆ ಒಬ್ಬಳಿಗೇ.

ಹನುಮಾನ ಗುಡಿಯ ಹಿಂದಿನ ಓಣಿ ಇಕ್ಕಟ್ಟಾಗಿತ್ತು, ಕಾಲಡಿಗೆ ಫರ್ಸಿ ಕಲ್ಲು ಹಾಸಿತ್ತು, ಮಧ್ಯದ ಗಟಾರದಲ್ಲಿ ಸೋಪಿನ ನೊರೆ ಹರಿಯುತ್ತಿತ್ತು. ಅವಳ ಮೈ ಬೆವರುತ್ತಿತ್ತು. ಯಾವ ಮನೆ ಎಂದು ಕೇಳುವ ಮೊದಲು ಇನ್ನೊಮ್ಮೆ ಮೊದಲ ವಾಕ್ಯವನ್ನು ಒಳಗೇ ಹೇಳಿಕೊಂಡಳು. ಅದರಲ್ಲಿ ಮೋಸ ಎಂಬ ಪದವಿತ್ತು. ನಾಚಿಕೆ ಎಂಬ ಪದವೂ ಇತ್ತು. ಆದರೆ ಹೆಚ್ಚು ನಾಚಿಕೆ ಯಾರಿಗಾಗಿತ್ತು? ಮಾರಿದವನೊಂದಿಗೆ ಮಾತಾಡಿ ಬಗೆಹರಿಸಿಕೊಳ್ಳಿ, ಇದು ಅವರ ನಂಬರು ಎಂದು ಆ್ಯಪಿನವರು ಅವಳ ದೂರಿಗೆ ಉತ್ತರ ಕಳಿಸಿದಾಗ, ಫೋನಿನಲ್ಲಿ ಮಾತಾಡಲಾರದ ಅವಳು ಬಸವೇಶ್ವರಿಯನ್ನು ಬೇಡಿಕೊಳ್ಳಬೇಕಾಯಿತು. ಬಸವೇಶ್ವರಿ ಒಳ್ಳೆಯವಳು, ಒಳ್ಳೆಯವರಲ್ಲಿರುವಂತೆ ಅವಳಲ್ಲೂ ಒಂದಿಷ್ಟು ಅಜಾಗರೂಕತೆಯಿತ್ತು. ಸ್ಟಾಫ್‌ರೂಮಿನಲ್ಲಿ ಎಲ್ಲರ ನಡುವೆ ಸ್ಪೀಕರ್ ಹಾಕಿ ಮಾತಾಡಿದಳು. ಜಬೀನ್ ಎದುರಿಗೆ ಕೂತು ಅವಳ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆಯ ಫಲಿತಾಂಶದ ಹಲಗೆ ನೋಡುವವರ ಹಾಗೆ. ಮೊದಲು ವಿನಯ, ಆಮೇಲೆ ಹುಬ್ಬು ಗಂಟು, ಆಮೇಲೆ ಥಟ್ಟನೆ ಏನೋ ಆಗಿ ಬಸವೇಶ್ವರಿಯ ಕಣ್ಣು ಅವಳತ್ತ ಬಂದು ಪಕ್ಕಕ್ಕೆ ಸರಿಯಿತು. ಕನ್ನಡದ ಮಾಸ್ತರರು ಪೇಪರು ಎತ್ತಿ ಮುಖ ಮರೆಮಾಡಿಕೊಂಡರು. ಪೇಪರು ನಡುಗುತ್ತಿತ್ತು.

"ಏನಂದ?"

"ಏನಿಲ್ಲ ಬಿಡ್ರಿ ಟೀಚರ್. ಭಾಳ ಕೆಟ್ಟ ಮನಷ್ಯಾ ಆವ."

"ಎಲ್ಲಾರಿಗಿ ಕೇಳಿಸ್ಯದ. ನನಗೊಬ್ಬಾಕಿಗಿ ಯಾಕ ಹೇಳಂಗಿಲ್ರಿ ನೀವು?"

ಬಸವೇಶ್ವರಿ ಅವಳ ಬಲಗಿವಿಗೆ ಬಾಯಿಟ್ಟು ಹೇಳಿದಳು. ಕಿವುಡಿಗೆ ಮಷೀನ್ ಕೆಟ್ಟದಂತ ಹೆಂಗ ತಿಳೀತಂತ ಕೇಳ್ರಿ ಮೊದಲ, ಅಂದನಂತೆ. ಹೇಳಿ ಮುಗಿಸಿ, ಸಮಾಧಾನ ಮಾಡುವವಳಂತೆ ಇನ್ನೊಂದನ್ನೂ ಸೇರಿಸಿದಳು: "ಇವರದೆಲ್ಲಾ ಹಿಂಗೇ ಇರ್ತದ ಟೀಚರ್. ನಿಮ್ಮ ಮ್ಯಾಲ ಮ್ಯಾಲ ಯಾರೋ ಏರಸ್ತಿದ್ರಂತ ಅಂದ್ರೆಲ್ಲ, ಅದೂ ಅವನೇ ಇರ್ತಾನ, ಬ್ಯಾರೆ ಹೆಸರ್ಲೆ." ತಾನು ಕರುಣೆಪಟ್ಟದ್ದು, ತಾನು ಸೋಲಿಸಿದ್ದು, ಸಮಸಮವಾಗಿ ನಿಂತದ್ದು ಯಾರ ಜತೆ ಎಂಬುದು ಅವಳಿಗೆ ಆಗ ತಿಳಿಯಿತು. ಮೋಸದಲ್ಲಿ ಹೋದ ದುಡ್ಡಿಗಿಂತ ಆ ಅಡುಗೆಮನೆಯ ನಗು ಅವಳನ್ನು ಹೆಚ್ಚು ಸುಟ್ಟಿತು.

ಓಣಿಯ ಕೊನೆಯಲ್ಲಿ ತಗಡಿನ ನೆರಳಿನ ಕೆಳಗೆ ಹೊರಸಿನ ಮೇಲೆ ಒಬ್ಬ ಮುದುಕ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದ. ಹಣೆಗೆ ವಿಭೂತಿ, ಮೈಮೇಲೆ ಬನಿಯನ್ನು, ಹೆಗಲಿಗೆ ಟವೆಲು. ಅವಳು ಹತ್ತಿರ ಹೋಗಿ ನಿಂತರೂ ತಲೆ ಎತ್ತಲಿಲ್ಲ. ನೆರಳು ಮೊರದ ಮೇಲೆ ಬಿದ್ದಾಗ ಎತ್ತಿದ.

"ಸಿದ್ದಲಿಂಗೇಶ ಅವರ ಮನಿ ಇದೇ ಏನ್ರಿ?"

ಮುದುಕ ಅವಳ ತುಟಿಯನ್ನು ನೋಡಿದ. ಒಂದು ಕ್ಷಣ ತಡೆದು, ಮುಖ ತುಂಬ ನಕ್ಕು ತಲೆಯಾಡಿಸಿದ. "ಹೌದ್ರಿ, ಹೌದ್ರಿ. ಛಲೋ ಮಳಿ ಆಯ್ತು ಈ ಸಲ."

ಜಬೀನ್ ಅವನ ಮುಖವನ್ನೇ ನೋಡಿದಳು. ಆ ತಡೆ, ಆ ನಗು, ಆ ತಲೆಯಾಡಿಸುವಿಕೆ. ಅದು ತನ್ನದು. ವರ್ಷಗಳಿಂದ ತಾನು ಜನರ ಎದುರು ಮಾಡುತ್ತ ಬಂದಿದ್ದು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಮಾಡುತ್ತ ಬಂದಿದ್ದು. ಹೊರಗಿನಿಂದ ಅದು ಹೀಗೆ ಕಾಣುತ್ತದೆಯೇ, ಇಷ್ಟು ಬಡಪಾಯಿಯಾಗಿ, ಇಷ್ಟು ಬತ್ತಲೆಯಾಗಿ? ಎಲ್ಲರಿಗೂ ಮೊದಲಿನಿಂದಲೇ ಗೊತ್ತಿತ್ತು. ಗೊತ್ತಿಲ್ಲದಂತೆ ಇದ್ದವರು ಅವರೇ, ಪಾಪ.

ಅವಳು ಉತ್ತರ ಕೊಡದೆ ನಿಂತದ್ದು ನೋಡಿ ಮುದುಕ ತನ್ನ ಕಿವಿ ಮುಟ್ಟಿ ತೋರಿಸಿದ. "ಕಿವಿ ಕೇಳಸಂಗಿಲ್ಲ ಯವ್ವಾ. ಜೋರ್ಲೆ ಮಾತಾಡು." ಅವನೇ ಎಷ್ಟು ಜೋರಾಗಿ ಹೇಳಿದನೆಂದರೆ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಅವಳಿಗೆ ತಲುಪಿತು. ತಿಂಗಳುಗಳಿಂದ ಯಾವ ಮಾತೂ ಅಷ್ಟು ಇಡಿಯಾಗಿ ಅವಳಲ್ಲಿಗೆ ಬಂದಿರಲಿಲ್ಲ. ಅವಳ ಕಣ್ಣು ತನ್ನ ಬಾಯಿಯ ಮೇಲೆ ನೆಟ್ಟದ್ದನ್ನು ಅವನು ಗಮನಿಸಿರಬೇಕು. "ನಿಂದೂ ಹಂಗೇ ಏನು?" ಎಂದ. ಅವಳು ಹೌದೆಂದು ತಲೆಯಾಡಿಸಿದಳು, ಈ ಸಲ ನಿಜವಾಗಿ ಕೇಳಿಸಿ.

"ಅಯ್ಯ, ಸಣ್ಣ ವಯಸ್ಸು. ಕುಂದ್ರು, ಕುಂದ್ರು." ಮೊರ ಸರಿಸಿ ಜಾಗ ಮಾಡಿದ. "ನಾ ಕಲ್ಯಾಣಪ್ಪ. ಸಿದ್ದಲಿಂಗೇಶ ನಮ್ಮ ಹುಡುಗ. ಬರ್ತಾನ ಈಗ. ನಾ ಖಣ್ಯಾಗ ಮದ್ದು ಹಾರಸ್ತಿದ್ದೆ, ಕಲ್ಲಿಗಿ. ಕಿವಿ ಅಲ್ಲೇ ಕೊಟ್ಟು ಬಂದೆ." ನಕ್ಕ. "ಒಂದ್ ಮಷೀನ್ ಇತ್ತು. ಭಾಳ ಛಲೋ ಇತ್ತು. ಕೆಟ್ಟದ ಅಂತ ಹುಡುಗ ಕಲಬುರ್ಗಿಗಿ ರಿಪೇರಿಗಿ ಒಯ್ದು ಕೊಟ್ಟಾನ. ಬರ್ತದ, ಬರ್ತದ ಅಂತಾನ. ಇನ್ನಾ ಬಂದಿಲ್ಲ ನೋಡು."

ಅವಳು ಅವನ ಬಲಗಿವಿಯನ್ನು ನೋಡಿದಳು. ದೊಡ್ಡ ಕಿವಿ, ಇಳಿಬಿದ್ದ ಹಾಲೆ, ರಂಧ್ರದ ಸುತ್ತ ನರೆತ ಕೂದಲು. ಅದರ ಒಳಗಿನ ಒಂದೊಂದು ತಿರುವೂ ಅವಳಿಗೆ ಗೊತ್ತಿತ್ತು. ಅವಳ ಕಿವಿಯನ್ನು ನೋಯಿಸಿದ ಏಣು ಯಾವುದು, ಹತ್ತಿಯ ಕಡ್ಡಿ ಸಿಕ್ಕಿಕೊಂಡ ತಗ್ಗು ಯಾವುದು. ಬಚ್ಚಲಲ್ಲಿ ವಾಕರಿಸುತ್ತ ಅವಳು ಬಯ್ದದ್ದು ಈ ಮೈಯನ್ನು. ಮೊದಲ ವಾಕ್ಯ, ಎರಡನೆಯದು, ಎಲ್ಲ ಎಲ್ಲೋ ಹೋದವು. ದಾರಿಯಲ್ಲಿ ಸಿಕ್ಕ ವಸ್ತುವನ್ನು ವಾರಸುದಾರರ ಎದುರು ತೆಗೆದು ಹಿಡಿಯುವಂತೆ, ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ಅವಳು ಡಬ್ಬಿಯ ಕೆಳಗಿನಿಂದ ಪೆಟ್ಟಿಗೆ ತೆಗೆದು ಮುಚ್ಚಳ ಬಿಚ್ಚಿದ್ದಳು.

"ಬಂತಾ!" ಮುದುಕ ಎರಡೂ ಕೈ ಚಾಚಿದ. "ರಿಪೇರಿ ಅಂಗಡಿಯಾಕಿ ಏನು ನೀ? ಮೊದಲ ಹೇಳಬಾರದಾ?" ಅವಳು ಏನಾದರೂ ಹೇಳುವಷ್ಟರಲ್ಲಿ ಅದನ್ನು ಎತ್ತಿಕೊಂಡು, ತಿರುಪಿದಂತೆ ಮಾಡಿ, ಒಂದೇ ಸಲಕ್ಕೆ ಕಿವಿಯಲ್ಲಿ ಕೂರಿಸಿಬಿಟ್ಟ. ಅದು ತನ್ನ ಜಾಗಕ್ಕೆ ಹೋದ ರೀತಿ ನೋಡಿ ಅವಳಿಗೆ ಹೊಟ್ಟೆಕಿಚ್ಚಾಯಿತು. ಮುದುಕ ತಲೆ ಓರೆಮಾಡಿದ. ಕಣ್ಣು ಸಣ್ಣದಾಯಿತು. ಮುಖದ ಒಂದೊಂದು ಗೆರೆಯೂ ಎಲ್ಲಿಂದಲೋ ವಾಪಸು ಬರತೊಡಗಿತು. "ಗಿರಣಿ ಚಾಲೂ ಅದ" ಎಂದ ಬೆರಗಿನಿಂದ. ಓಣಿಯಲ್ಲಿ ಹಿಟ್ಟಿನ ಗಿರಣಿಯಿದೆ ಎಂಬುದೇ ಜಬೀನಳಿಗೆ ತಿಳಿದಿರಲಿಲ್ಲ. "ದೇವಿಕಾ! ಚಹಾ ಮಾಡು, ಮಷೀನ್ ಬಂತು!"

ಒಳಗಿನಿಂದ ಸೊಸೆ ಬಂದಳು. ಕೈಗೆಲ್ಲ ಜೋಳದ ಹಿಟ್ಟು. ಮಾವನ ಕಿವಿ ನೋಡಿದಳು, ಬಾಯಿ ತೆರೆದ ಪೆಟ್ಟಿಗೆ ನೋಡಿದಳು, ಜಬೀನಳನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಮಾವನ ಬೆನ್ನ ಹಿಂದೆ ನಿಂತು ಹಿಟ್ಟಿನ ಕೈಗಳನ್ನು ಜೋಡಿಸಿದಳು, ಹೇಳಬೇಡಿ ಎಂದು ತಲೆ ಅಲ್ಲಾಡಿಸಿದಳು. ಅಷ್ಟರಲ್ಲೇ ಓಣಿಯ ತಿರುವಿನಲ್ಲಿ ಬೈಕೊಂದು ಬಂದು ನಿಂತು ಸಿದ್ದಲಿಂಗೇಶ ಇಳಿದ. ಜಬೀನ್ ದಪ್ಪ ಮೀಸೆಯ ಒಬ್ಬನನ್ನು ಮನಸ್ಸಿನಲ್ಲಿ ಸಾಕಿಕೊಂಡಿದ್ದಳು. ಇವನು ಸಣಕಲ, ನಿದ್ದೆಗೆಟ್ಟ ಕಣ್ಣಿನವನು, ಹೆಂಗಸರ ಎದುರು ಕಣ್ಣೆತ್ತದ ಬಗೆಯವನು, ತನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬನಿದ್ದಂತೆ. ಹೊಸ್ತಿಲ ಹತ್ತಿರ ಬಂದವನಿಗೆ ಎಲ್ಲವೂ ಒಂದೇ ನೋಟಕ್ಕೆ ಅರ್ಥವಾಯಿತು. ಅವನು ಅವಳ ಪಕ್ಕಕ್ಕೆ ಸರಿದು, ತಂದೆಗೆ ಬೆನ್ನು ಮಾಡಿ, ಮಾತಾಡತೊಡಗಿದ.

ತುಟಿ ಅಲುಗುತ್ತಿತ್ತು. ದನಿಯಿರಲಿಲ್ಲ. ತಂದೆಗೆ ಈಗ ಕೇಳಿಸುತ್ತದೆ, ಅದಕ್ಕೇ ಮೆಲ್ಲಗೆ ಆಡುತ್ತಿದ್ದಾನೆ ಎಂದು ಅವಳ ಬುದ್ಧಿಗೆ ತಿಳಿಯುತ್ತಲೇ ಇತ್ತು. ಮೇಡಂ ಎಂಬುದನ್ನು ತುಟಿಯಲ್ಲಿ ಓದಿದಳು. ಆಚೆ ಎಂಬುದನ್ನು ಓದಿದಳು. ಬೇಡಿಕೊಳ್ಳುತ್ತಿದ್ದನೋ, ಹೆದರಿಸುತ್ತಿದ್ದನೋ. ಮುಂದಿನದು ಬರೀ ತುಟಿ, ಮಾತಿಲ್ಲದ ಬಾಯಿ, ಉಸಿರು, ಸರಿಯುತ್ತಿರುವ ಬೆರಳು. ಒಂಬತ್ತನೆಯ ತರಗತಿಯ ಕಿಟಕಿಯ ಪಕ್ಕ ಅವಳು ಮತ್ತೆ ನಿಂತಿದ್ದಳು. ಛಲೋ ಓದಿದಿ, ಕುಂದ್ರು.

"ಜೋರ್ಲೆ ಮಾತಾಡ್ರಿ!"

ಎಷ್ಟು ಜೋರಾಗಿ ಕೂಗಿದಳೋ ಅವಳಿಗೆ ಗೊತ್ತಿಲ್ಲ. ಎದುರುಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. "ನನಗ ಕೇಳಸಂಗಿಲ್ಲ. ಏನು ಹೇಳೂದದ ಜೋರ್ಲೆ ಹೇಳ್ರಿ. ಕಿವುಡಿಗಿ ಹೆಂಗ ತಿಳೀತು ಅಂತ ಕೇಳಿದ್ರೆಲ್ಲ, ಈಗ ಕೇಳ್ರಿ, ಮುಂದೇ ನಿಂತೀನಿ. ಮಖಮಲ್ ಮ್ಯಾಲ ಇಟ್ಟು ಫೋಟೋ ಹೊಡದು ಮಾರೀರಿ. ನೀವೇ ಬ್ಯಾರೆ ಹೆಸರ್ಲೆ ಕೂಗಿ ಏರಿಸೀರಿ. ಇದು ಯಾರದು? ಯಾರ ಕಿವಿದು ಇದು? ಹೇಳ್ರಿ!"

ಆಮೇಲೆ ಓಣಿ ಸುಮ್ಮನಾಯಿತು. ಸುಮ್ಮನಾದದ್ದು ಅವಳಿಗೆ ಕಣ್ಣಿನಿಂದ ತಿಳಿಯಿತು. ಸಿದ್ದಲಿಂಗೇಶನ ಬಾಯಿ ನಿಂತಿತ್ತು. ದೇವಿಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮುದುಕ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಯಂತ್ರ ಕಿವಿಯಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅವನು ಮಗನತ್ತ ತಿರುಗಿ ಏನೋ ಕೇಳಿದ. ಈಗ ಅವನಿಗೆ ಜೋರಾಗಿ ಕೂಗುವ ಅಗತ್ಯವಿರಲಿಲ್ಲ. ಮೆಲ್ಲಗೆ ಕೇಳಿದ, ಅವಳಿಗೆ ಕೇಳಿಸಲಿಲ್ಲ, ಆದರೆ ತುಟಿಯಲ್ಲಿ ಓದಬಹುದಾಗಿತ್ತು. ಮಾರಿದಿ?

ಮಗ ಈಗ ಜೋರಾಗಿಯೇ ಮಾತಾಡಿದ, ಮುಚ್ಚಿಡುವುದೇನೂ ಉಳಿದಿರಲಿಲ್ಲ. "ಹೌದು, ಮಾರೀನಿ. ದೇವಿಕಾನ ಹೊಲಿಗಿ ಮಷೀನ್ ಮಾರ್ದಾಗ ಯಾರರ ಕೇಳಿದ್ರಾ? ನೀ ಯಾರ ಕೂಡ ಮಾತಾಡ್ತಿ ಅಪ್ಪಾ? ಇಡೀ ದಿನ ಬ್ಯಾಳಿ ಆರಿಸ್ಕೋತ ಕುಂದರ್ತಿ. ನಿನಗ ಅದು ಯಾಕ ಬೇಕು?" ಅನ್ನುತ್ತಲೇ ತಾನು ಅಂದದ್ದು ಏನೆಂದು ತಿಳಿದವನಂತೆ ಕೆಳತುಟಿ ಕಚ್ಚಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ದೇವಿಕಾಳೂ ಹೋದಳು.

ಕಲ್ಯಾಣಪ್ಪ ಕಿವಿಯಿಂದ ಯಂತ್ರವನ್ನು ತೆಗೆದ. ಹೆಗಲ ಟವೆಲಿನ ತುದಿಯಿಂದ ಅಚ್ಚನ್ನು ಒರೆಸಿದ, ತಿರುಗಿಸಿ ಇನ್ನೊಮ್ಮೆ ಒರೆಸಿದ, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. "ತಗೋ ಯವ್ವಾ" ಎಂದ, ಮತ್ತೆ ಆ ಮೊದಲಿನ ಜೋರು ದನಿಯಲ್ಲಿ. "ನೀ ಕೊಂಡೀ. ನಿಂದು."

ಬೇಡ ಎನ್ನಲು ಬೇಕಾದಷ್ಟು ಹೊತ್ತು ಅವಳಿಗಿತ್ತು. ಆ ಹೊತ್ತಿನಲ್ಲಿ ಅವಳು ಕನ್ನಡದ ಮಾಸ್ತರರ ಕೈಯಲ್ಲಿ ನಡುಗುತ್ತಿದ್ದ ಪೇಪರನ್ನು ನೆನೆದಳು. ಬೆಂಚುಗಳ ಮೇಲೆ ಕುಣಿಯುತ್ತಿದ್ದ ಹೆಗಲುಗಳನ್ನು ನೆನೆದಳು. ಒಬ್ಬರಾದರೂ, ಎಲ್ಲಾದರೂ, ತನಗೆ ಸಲ್ಲಬೇಕಾದ್ದನ್ನು ಕೈ ಚಾಚಿ ಕೊಡುತ್ತಿದ್ದಾರೆ ಅನಿಸಿತು. ನ್ಯಾಯ ಎಂಬ ಪದವೂ ಬಂದುಹೋಯಿತು. ಅವಳ ಕೈ ಪೆಟ್ಟಿಗೆಯನ್ನು ತೆಗೆದುಕೊಂಡಿತು. ಮುದುಕ ಮೊರ ಎಳೆದುಕೊಂಡು ಬೇಳೆಯಲ್ಲಿ ಬೆರಳಾಡಿಸತೊಡಗಿದ, ಹರಳಿರದ ಕಡೆಯೇ ಬೆರಳು ಮತ್ತೆ ಮತ್ತೆ ಹೋಗುತ್ತಿತ್ತು. ಅವಳು ಬರುತ್ತೇನೆಂದು ಹೇಳಿದಳು. ಅವನು ತಲೆ ಎತ್ತಲಿಲ್ಲ. ಕೇಳಿಸದೆ ಎತ್ತಲಿಲ್ಲವೋ, ಕೇಳಿಸಿಯೂ ಎತ್ತಲಿಲ್ಲವೋ ಎಂದು ಯೋಚಿಸುತ್ತ ಗುಡಿಯ ತನಕ ಬಂದಳು. ಅವನಿಗೆ ಕೇಳಿಸುವಂತೆ ಮಾಡುವ ಯಂತ್ರ ಅವಳ ಚೀಲದಲ್ಲಿತ್ತು.

ಸ್ಟೇಷನ್ನಿನ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳು ಒಂದರ ಹಿಂದೊಂದು ನಿಂತಿದ್ದವು. ಅವುಗಳ ನೆರಳಿನಲ್ಲಿ ನಡೆಯುವಾಗ ಅವಳಿಗೆ ಮೊದಲು ಬಂದ ಯೋಚನೆ ತೀರ ಸರಳವಾದ್ದು: ಇದನ್ನು ಒಯ್ದು ಏನು ಮಾಡುವೆ? ಕಿವಿಗೆ ಕೂರುವುದಿಲ್ಲ. ಕೂಗುತ್ತದೆ. ಕಪಾಟಿನ ಮೂಲೆಯಲ್ಲಿ ಸೀರೆಗಳ ಕೆಳಗೆ ತಾರೀಕನಿಗೆ ಕಾಣದಂತೆ ಇಡುವೆ, ಅಷ್ಟೇ. ಆ್ಯಪಿಗೆ ಮತ್ತೆ ದೂರು ಬರೆದು, ಇದೇ ಪೆಟ್ಟಿಗೆಯನ್ನು ಸಾಕ್ಷಿಗೆ ಕಳಿಸಬಹುದು. ಅಥವಾ, ಈ ಯೋಚನೆ ಎಲ್ಲಿಂದಲೋ ತಾನಾಗಿ ಬಂತು, ಕೆಂಪು ಬಟ್ಟೆಯ ಮೇಲಿಟ್ಟು ಒಂದು ಫೋಟೋ ತೆಗೆದರೆ ಎಲ್ಲೋ ಇನ್ನೊಬ್ಬ ಕೊಳ್ಳುತ್ತಾನೆ. ಆ ಯೋಚನೆ ಬಂದದ್ದು ನೋಡಿ ಅವಳು ಲಾರಿಯ ಗಾಲಿಗೆ ಕೈಯಾನಿಸಿ ನಿಂತಳು. ಅವನು ತಂದೆಯ ಕಿವಿಯನ್ನು ಅಗತ್ಯಕ್ಕೆ ಮಾರಿದ್ದ, ಸುಳ್ಳು ಹೇಳಿ ಮಾರಿದ್ದ, ನಕ್ಕೂ ಮಾರಿದ್ದ. ತಾನು? ತನಗೆ ಬೇಡದ್ದನ್ನು, ಬೇಕಾದವನ ಕೈಯಿಂದ, ಅವನೇ ಒರೆಸಿ ಕೊಡುವವರೆಗೆ ಕಾದು ನಿಂತು, ತೆಗೆದುಕೊಂಡು ಬಂದಳು. ಬಲಗಿವಿಯೊಳಗೆ ಆ ಏಣು ಒತ್ತಿದ ಜಾಗ ಇನ್ನೂ ಹುಣ್ಣಾಗಿತ್ತು, ಬಿಸಿಲಿಗೆ ಉರಿಯುತ್ತಿತ್ತು. ಶಹಾಬಾದದ ಗಾಡಿಗೆ ಜನ ಮೇಲ್ಸೇತುವೆ ಹತ್ತುತ್ತಿದ್ದರು. ಅವಳು ತಿರುಗಿ ನಡೆದಳು.

ಓಣಿಯಲ್ಲಿ ಈಗ ಯಾರೂ ಇರಲಿಲ್ಲ. ಹೊರಸನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ನೆಲದ ಮೇಲೆ ನಾಲ್ಕಾರು ಬೇಳೆಕಾಳು ಚೆಲ್ಲಿದ್ದವು. ಬಾಗಿಲು ಹಾಕಿತ್ತು, ಹೊರಗಿನಿಂದ ಚಿಲಕ ಬಿದ್ದಿರಲಿಲ್ಲ, ಎಂದರೆ ಒಳಗೆ ಯಾರೋ ಇದ್ದಾರೆ. ಅವಳು ಚೀಲದಿಂದ ಪೆಟ್ಟಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲು ಬಡಿದಳು. ಗೆಣ್ಣುಗಳಿಗೆ ನೋವಾದದ್ದು ತಿಳಿಯಿತು, ಸದ್ದಾದದ್ದು ತಿಳಿಯಲಿಲ್ಲ. ಒಳಗಿನಿಂದ ಯಾರು ಎಂದು ಕೇಳಿದರೋ, ಬಂದೆ ಎಂದರೋ, ಹೋಗೆಂದರೋ. ಅಂಗೈಯನ್ನು ಹಲಗೆಗೆ ಚಪ್ಪಟೆಯಾಗಿ ಒತ್ತಿ, ಯಾರಾದರೂ ನಡೆದು ಬರುವ ಅದುರು ಸಿಗುತ್ತದೆಯೇ ಎಂದು ಕಾದಳು. ಬಿಸಿಲಿಗೆ ಕಾದ ಹಲಗೆ, ಅಷ್ಟೇ. ಮತ್ತೆ ಬಡಿದಳು, ಮುಷ್ಟಿಯಿಂದ. ಬಾಗಿಲಿಗೆ ತೀರ ಹತ್ತಿರ ಕೂತಿರುವವನು ಮುದುಕನೇ ಆಗಿದ್ದು, ಅವನಿಗೂ ಕೇಳಿಸದಿದ್ದರೆ? "ಕಾಕಾ!" ಎಂದು ಕೂಗಿದಳು.

ಎದುರುಮನೆಯ ಹೆಂಗಸು ಬಾಗಿಲಿಗೆ ಬಂದು ಅವಳಿಗೆ ಏನೋ ಹೇಳಿದಳು. ಹೇಳಿ, ಕೈಯನ್ನು ಗಾಳಿಯಲ್ಲಿ ಒಮ್ಮೆ ಮಗುಚಿದಳು. ಇಲ್ಲ ಎಂದಿರಬಹುದು, ಹೋಗು ಎಂದಿರಬಹುದು. ಜಬೀನ್ ಅವಳ ತುಟಿಯತ್ತ ನೋಡಲಿಲ್ಲ. ಬಾಗಿಲಿಗೆ ಮುಖ ಮಾಡಿ, ಇನ್ನೂ ಜೋರಾಗಿ ಬಡಿಯತೊಡಗಿದಳು.